ಆರ್ಫಾ ತೋಳಿನ ಮೇಲೆ ಬರೆದುಕೊಂಡ ನಂಬರು

ಆರ್ಫಾ ಸ್ಟಿಡಮ್ ಆರು ವರ್ಷ ನನ್ನ ಪಕ್ಕದ ಗೂಡಿನಲ್ಲಿ ಕೂತು ಕೆಲಸ ಮಾಡಿದಳು. ನಮ್ಮಿಬ್ಬರ ನಡುವೆ ಇದ್ದದ್ದು ಬೂದು ಬಟ್ಟೆ ಹೊದಿಸಿದ ಒಂದು ಹಲಗೆ. ಅವಳು ಫೋನಿನಲ್ಲಿ ಆಡುವ ಒಂದೊಂದು ಮಾತೂ ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ. ಕೆಂಟಕಿಯ ಪೂರ್ವದ ಬೆಟ್ಟಗಳಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ನಮ್ಮ ಕೌಂಟಿಗೆ ಬಂದ ದೊಡ್ಡ ಕೆಲಸ ಅಂದರೆ ಅದೊಂದೇ, ಫೋನು ಎತ್ತುವ ಕೆಲಸ. ಕಟ್ಟಡ ಹಿಂದೆ ದಿನಸಿ ಅಂಗಡಿಯಾಗಿತ್ತು. ನಮ್ಮ ಸಾಲು ಮಾಂಸ ಮಾರುತ್ತಿದ್ದ ಜಾಗದಲ್ಲಿ. ರಕ್ತ ತೊಳೆದು ಹರಿಸುತ್ತಿದ್ದ ಕಬ್ಬಿಣದ ಜಾಲರಿ ನೆಲದಲ್ಲಿ ಹಾಗೇ ಉಳಿದಿತ್ತು. ಆರ್ಫಾ ಅದರ ಮೇಲೆ ಕಾಲಿಟ್ಟುಕೊಂಡು ಹೇಳುತ್ತಿದ್ದಳು: "ಮೊದ್ಲು ಇಲ್ಲಿ ಹಂದಿ ಕುಯ್ತಿದ್ರು, ಈಗ ನಮ್ಮನ್ನ. ಹಂದಿಗೆ ಹೆಡ್‌ಸೆಟ್ ಹಾಕ್ತಿರ್ಲಿಲ್ಲ, ಅಷ್ಟೇ ವ್ಯತ್ಯಾಸ."

ಅವಳು ಅಷ್ಟು ಎತ್ತರದ ಹೆಂಗಸಲ್ಲ. ಕೈಬೆರಳುಗಳು ಮಾತ್ರ ಗಂಡಸಿನವು. ಹತ್ತೊಂಬತ್ತು ವರ್ಷ ಅಂಗಿ ಕಾರ್ಖಾನೆಯಲ್ಲಿ ಕಾಲರು ಹೊಲಿದಿದ್ದಳು. ಕಾರ್ಖಾನೆಯ ಯಂತ್ರಗಳನ್ನು ಲಾರಿಗೆ ಹೇರಿ ಹೊಂಡುರಾಸ್ ದೇಶಕ್ಕೆ ಸಾಗಿಸಿದ ದಿನ ಗೇಟಿನ ಹತ್ತಿರ ನಿಂತು ತನ್ನ ಯಂತ್ರ ಯಾವ ಲಾರಿಯಲ್ಲಿ ಹೋಯಿತು ಅಂತ ನೋಡಿದಳಂತೆ. ಗಂಡ ಡೆನ್ವರ್ ಕಲ್ಲಿದ್ದಲು ಲಾರಿ ಓಡಿಸುತ್ತಿದ್ದ, ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಸ್ಟೀರಿಂಗಿನ ಮೇಲೇ ಹೋದ. ಮಕ್ಕಳಿರಲಿಲ್ಲ. ಲಿಕ್ ಫೋರ್ಕ್ ಕಣಿವೆಯ ಮನೆಯಲ್ಲಿ ಒಬ್ಬಳೇ ಇದ್ದಳು.

ನಾವು ಎತ್ತುತ್ತಿದ್ದದ್ದು ಟಪಾಲಿನಲ್ಲಿ ಔಷಧ ಕಳಿಸುವ ಕಂಪನಿಯೊಂದರ ಫೋನು. ಸಕ್ಕರೆ ಕಾಯಿಲೆಯವರು, ಹೃದಯದವರು, ಉಸಿರಿನವರು ದೇಶದ ಮೂಲೆಮೂಲೆಯಿಂದ ಕರೆ ಮಾಡಿ, ನನ್ನ ಮಾತ್ರೆ ಬಂದಿಲ್ಲ ಅನ್ನುತ್ತಿದ್ದರು. ಪಾಳಿ ಬೆಳಿಗ್ಗೆ ಎಂಟಕ್ಕೆ. ಎಂಟು ಹೊಡೆಯುವಾಗ ಪರದೆಯ ಮೇಲೆ ಹಸಿರು ಗುರುತು ಬಂದಿರಬೇಕು. ಅದು ಬರಬೇಕಾದರೆ ಆ ಮುದಿ ಕಂಪ್ಯೂಟರು ಎದ್ದು, ಏಳು ಪ್ರೋಗ್ರಾಮುಗಳು ತೆರೆದು, ಏಳು ಪಾಸ್‌ವರ್ಡ್ ಕೊಟ್ಟು ಮುಗಿಸಬೇಕು. ಒಳ್ಳೆಯ ದಿನ ಹದಿನಾಲ್ಕು ನಿಮಿಷ, ಕೆಟ್ಟ ದಿನ ಇಪ್ಪತ್ತೈದು. ಸಂಬಳ ಶುರುವಾಗುತ್ತಿದ್ದದ್ದು ಹಸಿರು ಬಂದ ಮೇಲೆ. ವಾರಕ್ಕೆ ನಲವತ್ತು ಗಂಟೆ ಹೇಗೂ ತುಂಬುತ್ತಿತ್ತು, ಅದರ ಮೇಲಿನದು ಓವರ್‌ಟೈಮ್, ಒಂದೂವರೆ ಪಟ್ಟು ಕೊಡಬೇಕಾದದ್ದು. ಒಂದು ಪಟ್ಟನ್ನೂ ಕೊಡುತ್ತಿರಲಿಲ್ಲ.

ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಆರ್ಫಾಗೆ ಹೊಳೆಯಿತು, ಯಾಕೆಂದರೆ ಕಾರ್ಖಾನೆಯಲ್ಲಿ ಗಂಟೆ ಹೊಡೆದರೆ ಸಂಬಳ ಶುರು. ನಮ್ಮ ಸೂಪರ್‌ವೈಸರ್ ಜಾನೆಲ್ ಹತ್ತಿರ ಹೋಗಿ ಕೇಳಿದಳು. ಜಾನೆಲ್ ಕೆಟ್ಟವಳಲ್ಲ. ನಮ್ಮೂರಿನವಳೇ, ನಮ್ಮ ಹಾಗೇ ಫೋನೆತ್ತಿ ಮೇಲೆ ಬಂದವಳು.

"ಜಾನೆಲ್, ಏಳೂ ನಲವತ್ತಕ್ಕೆ ಬಂದು ಕೂತ್ಕೋತೀನಿ. ಸಂಬಳ ಎಂಟರಿಂದ. ಆ ಮಧ್ಯದಲ್ಲಿ ನಾನು ಯಾರು?"

"ಅಯ್ಯೋ ಆರ್ಫಾ, ಕಂಪ್ಯೂಟರ್ ಆನ್ ಮಾಡೋದೂ ಒಂದ್ ಕೆಲ್ಸಾನಾ?"

"ಕೆಲ್ಸ ಅಲ್ಲಾಂದ್ರೆ ಬಿಡು. ಎಂಟಕ್ಕೆ ಬಂದು ಆನ್ ಮಾಡ್ತೀನಿ."

"ಹಾಗ್ಮಾಡಿದ್ರೆ ತಡ ಅಂತ ಬರ್ಕೋಬೇಕಾಗತ್ತೆ. ಮೂರು ತಡ ಆದ್ರೆ ಮನೆಗೆ. ನಾನ್ ಮಾಡಿದ ರೂಲ್ಸಾ ಇದು?"

ಅವತ್ತಿನಿಂದ ಆರ್ಫಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಶುರುಮಾಡಿದಳು. ಹೆಣ ಹೂಳುವ ಅಂಗಡಿಯವರು ವರ್ಷವರ್ಷವೂ ಪುಕ್ಕಟೆ ಹಂಚುವ ಕ್ಯಾಲೆಂಡರು ಅದು. ಒಂದೊಂದು ದಿನದ ಚೌಕದಲ್ಲೂ ಒಂದು ಅಂಕಿ. ಹದಿನಾರು. ಹದಿನಾಲ್ಕು. ಇಪ್ಪತ್ತೊಂದು.

ಹಾಗೆ ಬರೆಯಲು ಶುರುಮಾಡಿದ ಎರಡನೇ ವರ್ಷ ಲೆಕ್ಸಿಂಗ್ಟನ್ನಿನ ವಕೀಲರೊಬ್ಬರ ಕಾರ್ಡು ನಮ್ಮೆಲ್ಲರ ಮನೆಗೆ ಟಪಾಲಿನಲ್ಲಿ ಬಂತು: ನೀವು ಫೋನ್ ಕೇಂದ್ರದಲ್ಲಿ ದುಡಿಯುತ್ತೀರಾ, ಪಾಳಿಗೆ ಮೊದಲಿನ ಹೊತ್ತಿಗೆ ಸಂಬಳ ಸಿಗುತ್ತಿದೆಯಾ ಅಂತ. ನಾನು ಅದನ್ನು ಒಲೆಗೆ ಹಾಕಿದೆ. ಆರ್ಫಾ ಫೋನು ಮಾಡಿದಳು. ಬಂದವನು ಆ ವಕೀಲ, ಗ್ರೇಡನ್ ಪ್ರೂಯಿಟ್, ಮೂವತ್ತೈದರ ವಯಸ್ಸು, ನಯವಾದ ಮಾತು, ಕೆಸರಾದ ಬೂಟು. ಊರಿನ ಹೋಟೆಲಿನಲ್ಲಿ ಬಿಸ್ಕಿಟ್ಟು ಅಂತ ಕರೆಯುವ ಮೆತ್ತನೆಯ ಬನ್ನು, ಗ್ರೇವಿ ಮುಂದಿಟ್ಟುಕೊಂಡು ಮಾತಾಡಿದರು. ಆರ್ಫಾ ಧೈರ್ಯಕ್ಕೆ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದಳು.

"ಒಬ್ಬೊಬ್ರೇ ಹೋದ್ರೆ ಯಾವ ವಕೀಲನೂ ಮುಟ್ಟಲ್ಲ ಮೇಡಂ. ವಕೀಲನ ಕಾರಿನ ಪೆಟ್ರೋಲಿಗೂ ಸಾಲಲ್ಲ. ಎಲ್ರೂ ಒಟ್ಟಿಗೆ ಹೋದ್ರೆ ಕಂಪನಿ ತಿರುಗಿ ನೋಡತ್ತೆ. ಆದ್ರೆ ದಾವೆ ಮೇಲೆ ಒಬ್ರ ಹೆಸರಿರ್ಬೇಕು. ಮಿಕ್ಕೋರು ಅವರ ಹಿಂದೆ ಬರ್ತಾರೆ" ಅಂದ.

"ಅಂದ್ರೆ ಮೊದಲ್ನೇ ಗುಂಡು ತಿನ್ನಕ್ಕೆ ಒಬ್ರು ಬೇಕು."

ಗ್ರೇಡನ್ ನಕ್ಕ. "ಹಾಗೂ ಅನ್ನಬಹುದು."

"ನಂಗೆ ಹಿಂದೆ ಮುಂದೆ ಯಾರೂ ಇಲ್ಲ. ಹಾಕಿ ನನ್ನ ಹೆಸ್ರು."

ಹಾಗೆ ಫೆಡರಲ್ ಕೋರ್ಟಿನಲ್ಲಿ ದಾವೆ ಬಿತ್ತು, ಸ್ಟಿಡಮ್ ಮತ್ತು ಇತರರು ಅಂತ. ಇತರರಾಗಬೇಕಾದರೆ ಒಂದು ಹಾಳೆಗೆ ಸಹಿ ಹಾಕಿ ಕಳಿಸಬೇಕಿತ್ತು. ಕಂಪನಿಯ ಮೂರು ಕೇಂದ್ರಗಳಿಂದ ಇನ್ನೂರ ಹನ್ನೆರಡು ಜನ ಹಾಕಿದರು. ನಾನು ಹಾಕಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಗಂಡ ರಾಯ್ ಗಣಿಯಿಂದ ಬಂದ ಕೆಮ್ಮಿನೊಂದಿಗೆ ಮನೆಯಲ್ಲಿದ್ದ, ಅವನ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸು ನನ್ನ ಕೆಲಸದ ಮೇಲೆ ನಿಂತಿತ್ತು. ಹಾಳೆ ನಾಲ್ಕು ವಾರ ನನ್ನ ಬೈಬಲ್ಲಿನೊಳಗೆ ಇತ್ತು. ಆಮೇಲೆ ಗಡುವು ಮುಗಿಯಿತು.

"ಹಾಕಿದ್ಯೇನೇ ಡ್ರೀಮಾ?" ಅಂತ ಹಲಗೆಯ ಆಚೆಯಿಂದ ಒಂದೇ ಒಂದು ಸಲ ಕೇಳಿದಳು.

"ಇನ್ನೂ ಇಲ್ಲ."

"ಸರಿ ಬಿಡು. ರಾಯ್‌ಗೆ ಉಸಿರು ಹೇಗಿದೆ?"

ಮತ್ತೆ ಯಾವತ್ತೂ ಕೇಳಲಿಲ್ಲ.

ದಾವೆ ಬಿದ್ದ ಎಂಟನೇ ತಿಂಗಳಿಗೆ ಕಳ್ಳರು ಕಂಪನಿಯ ಕಂಪ್ಯೂಟರಿಗೆ ನುಗ್ಗಿದರು. ಯಾರು, ಎಲ್ಲಿಂದ ಅಂತ ಇವತ್ತಿಗೂ ಗೊತ್ತಿಲ್ಲ. ಲಕ್ಷಾಂತರ ಗಿರಾಕಿಗಳ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯೂರಿಟಿ ನಂಬರು, ಯಾರು ಯಾವ ಮಾತ್ರೆ ನುಂಗುತ್ತಾರೆ ಅನ್ನುವುದೆಲ್ಲ ಹೋಯಿತು. ನಮಗೆ ಅದನ್ನು ಹೇಳಿದ್ದು ಟಿವಿಯವರು, ಕಂಪನಿ ಅಲ್ಲ. ಮಾರನೇ ದಿನ ನಮ್ಮ ಮೇಜಿನ ಮೇಲೆ ಓದಿ ಹೇಳಬೇಕಾದ ಹಾಳೆ ಬಂತು. ದಿನಕ್ಕೆ ಎರಡು ಗಂಟೆ ಹೆಚ್ಚು ದುಡಿಯಬೇಕು ಅಂತ ಆಜ್ಞೆಯೂ ಬಂತು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಅದೇ ವಾಕ್ಯವನ್ನು ನಲವತ್ತು ಸಲ ಓದಿರುತ್ತಿದ್ದೆವು: "ನಿಮ್ಮ ಮಾಹಿತಿಯ ಸುರಕ್ಷತೆ ನಮಗೆ ಅತ್ಯಂತ ಮುಖ್ಯ. ಅದು ದುರುಪಯೋಗವಾಗಿದೆ ಎನ್ನುವುದಕ್ಕೆ ಸದ್ಯ ಯಾವ ಪುರಾವೆಯೂ ಇಲ್ಲ."

ಜನ ಅಳುತ್ತಿದ್ದರು, ಬೈಯುತ್ತಿದ್ದರು. ಒಬ್ಬಳು ನನಗೆ, ನಿನ್ನ ಹೊಟ್ಟೆಗೆ ಹುಳ ಬೀಳಲಿ ಅಂದಳು. ನಾನು ಅದೇ ವಾಕ್ಯ ಓದಿದೆ. ಕಳುವಾದವರ ಖಾತೆ ತೆರೆದರೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಸಂಖ್ಯೆ ಬರುತ್ತಿತ್ತು. ಅದಿದ್ದರೆ ಆ ಮನುಷ್ಯನ ವಿವರ ಹೋಗಿದೆ ಅಂತ ಅರ್ಥ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ನಿಮಗೆ ಕಾಗದ ಬರುತ್ತದೆ, ಕಾಯಿರಿ ಅನ್ನಬೇಕು. ಮೇಜಿನ ಮೇಲೆ ಪೆನ್ನು, ಕಾಗದ, ಮೊಬೈಲು ಏನೂ ಇರುವಂತಿಲ್ಲ. ನಾವು ಗಿರಾಕಿಗಳ ಗುಟ್ಟು ಕದಿಯಬಾರದು ಅಂತ ಆ ಕಟ್ಟುಪಾಡು.

ಒಂದು ಗುರುವಾರ ಆರ್ಫಾ ಎತ್ತಿದ ಫೋನು ನಮ್ಮ ಕೌಂಟಿಯದೇ. ಅದು ಅಪರೂಪ. ಅರಿಜೋನಾದವರ ಫೋನು ನಮಗೆ ಬರುತ್ತಿತ್ತು, ನಮ್ಮವರದು ಇನ್ನೆಲ್ಲಿಗೋ ಹೋಗುತ್ತಿತ್ತು. ನನಗೆ ಕೇಳಿದ್ದು ಅವಳ ಪಾಲಿನ ಮಾತಷ್ಟೇ. ಆಚೆ ಕಡೆಯದನ್ನು ಆಮೇಲೆ ಹೇಳಿದಳು.

ಕರೆ ಮಾಡಿದವರು ಎಸ್ಟಿಲ್ ಫ್ಯೂಗೇಟ್. ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದ ಮುದುಕ. ನನ್ನನ್ನೂ ಆರ್ಫಾಳನ್ನೂ ಆ ಕಣಿವೆಯ ಅರ್ಧ ಜನರನ್ನೂ ಶಾಲೆಗೆ ಮುಟ್ಟಿಸಿದವರು. ನಮಗೆಲ್ಲ ಅವರು ಇವತ್ತಿಗೂ ಮಿಸ್ಟರ್ ಎಸ್ಟಿಲ್. ಹಿಂದಿನ ವಾರ ಯಾರೋ ಫೋನು ಮಾಡಿ, ಔಷಧ ಕಂಪನಿಯಿಂದ ಮಾತಾಡುತ್ತಿದ್ದೇವೆ ಅಂದು, ಅವರ ಆರು ಮಾತ್ರೆಗಳ ಹೆಸರನ್ನೂ ಹುಟ್ಟಿದ ದಿನವನ್ನೂ ತಪ್ಪಿಲ್ಲದೆ ಒಪ್ಪಿಸಿದ್ದರು. ಅಷ್ಟೆಲ್ಲ ಗೊತ್ತಿರುವವನು ಕಂಪನಿಯವನೇ ಇರಬೇಕು ಅಂತ ಇವರು ಬ್ಯಾಂಕಿನ ನಂಬರು ಕೊಟ್ಟರು. ತಮ್ಮ ಮಣ್ಣಿಗೆ ಅಂತ ಕೂಡಿಟ್ಟಿದ್ದು ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಯಿತು.

"ಏನಮ್ಮಾ, ನನ್ ಹೆಸ್ರೂ ಆ ಕಳ್ಳರ ಕೈಗೆ ಹೋಗಿದ್ಯಾ? ಅದೊಂದು ಹೇಳ್ಬಿಡು" ಅಂತ ಕೇಳಿದ್ದಾರೆ. ಪರದೆಯಲ್ಲಿ ಕೆಂಪು ಸಂಖ್ಯೆ ಇದೆ. ಆರ್ಫಾ ಹಾಳೆ ನೋಡಿ ಓದಿದಳು. ಎರಡನೇ ಸಲ ಕೇಳಿದರು. ಎರಡನೇ ಸಲವೂ ಓದಿದಳು, ಅವಳ ದನಿ ಒಡೆದದ್ದು ನನಗೆ ಕೇಳಿಸಿತು.

ಆಗ ಅವರು, "ತಡಿ. ನೀನು ಕ್ಲೈಡ್ ಮಗಳಲ್ವೇನೇ? ಲಿಕ್ ಫೋರ್ಕ್‌ದು?" ಅಂದರಂತೆ.

ಕರೆಗಳೆಲ್ಲ ದಾಖಲಾಗುತ್ತವೆ. ಆರ್ಫಾ ಹೇಳಿದಳು: "ಇವತ್ತು ನಿಮಗೆ ಬೇರೆ ಏನಾದರೂ ಸಹಾಯ ಬೇಕಿತ್ತಾ, ಸರ್?"

ಅವರು ಫೋನಿಟ್ಟರು.

ನಾನು ಹಲಗೆಯ ಮೇಲಿಂದ ಇಣುಕಿದೆ. ಆರ್ಫಾ ಹುಬ್ಬಿಗೆ ಹಚ್ಚುವ ಪೆನ್ಸಿಲು ತೆಗೆದು, ತೋಳು ಮಡಚಿ, ಮೊಣಕೈ ಒಳಗಡೆ ಆ ಕೆಂಪು ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದಳು. ಅಂಗಿತೋಳು ಕೆಳಗೆಳೆದು ಮುಂದಿನ ಕರೆ ತೆಗೆದುಕೊಂಡಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ನಾನು ಕೂತು ನನ್ನ ಮುಂದಿನ ಕರೆ ತೆಗೆದುಕೊಂಡೆ.

ಪಾಳಿ ಮುಗಿಸಿ ನೇರವಾಗಿ ಅವರ ಮನೆಗೆ ಹೋದಳು. ಮುದುಕರು ಬಾಗಿಲು ತೆರೆದು, "ಗೊತ್ತಿತ್ತು ಕಣೇ ನೀನೇ ಅಂತ. ಯಾಕೇ ಹಾಗೆ ಗಿಣಿ ತರ ಮಾತಾಡ್ದೆ?" ಅಂದರು.

"ಗಿಣಿ ತರ ಮಾತಾಡಕ್ಕೇ ಸಂಬಳ ಕೊಡೋದು ಮಿಸ್ಟರ್ ಎಸ್ಟಿಲ್. ಹೌದು, ನಿಮ್ ಹೆಸ್ರು ಹೋಗಿದೆ" ಅಂದು ತೋಳು ತೋರಿಸಿದಳು.

ಮಾರನೇ ದಿನ ರಜೆ ಹಾಕಿ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ಬ್ಯಾಂಕಿನ ಹುಡುಗಿ ಆ ನಂಬರನ್ನು ಬರೆದುಕೊಂಡಳು, ಮರುಗಿದಳು, ಆಮೇಲೆ, ನೀವೇ ಕೊಟ್ಟಿದ್ದಕ್ಕೆ ನಾವು ಜವಾಬ್ದಾರರಲ್ಲ ಅಂದಳು. ಶೆರೀಫನ ಪೊಲೀಸ್ ಕಚೇರಿಯವರು ದೂರು ಬರೆದುಕೊಂಡರು. ದುಡ್ಡು ಯಾವ ದೇಶಕ್ಕೆ ಹೋಯಿತೋ. ಮರಳಿ ಒಂದು ಡಾಲರೂ ಬರಲಿಲ್ಲ.

ಆಮೇಲೆ ಆದದ್ದಕ್ಕೆ ಯಾರನ್ನು ದೂರಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ. ಕಂಪನಿಗೆ ಕರೆ ಮಾಡಿದವರಿಗೆಲ್ಲ ಹದಿನೈದು ದಿನ ಬಿಟ್ಟು ಒಂದು ಯಂತ್ರ ಫೋನು ಮಾಡಿ, ನಮ್ಮ ಸೇವೆ ಹೇಗಿತ್ತು, ಹೇಳಿ ಅನ್ನುತ್ತಿತ್ತು. ಮಿಸ್ಟರ್ ಎಸ್ಟಿಲ್ ಅದಕ್ಕೆ ಮನಸಾರೆ ಹೇಳಿದರು. ಆರ್ಫಾ ಅಂತ ಒಬ್ಬ ಹುಡುಗಿ ಇದ್ದಾಳೆ, ಚಿನ್ನದಂಥವಳು, ನನ್ನ ನಂಬರು ಮರೆಯಬಾರದು ಅಂತ ತೋಳಿನ ಮೇಲೆ ಬರೆದುಕೊಂಡು ಮನೆವರೆಗೂ ಬಂದಳು, ಅವಳ ಸಂಬಳ ಜಾಸ್ತಿ ಮಾಡಿ ಅಂತ.

ಮುಂದಿನ ಸೋಮವಾರ ಜಾನೆಲ್ ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಬಂದಳು. ಅವಳ ಹಿಂದೆ ಕಾವಲಿನವನು.

"ಗಿರಾಕಿ ಮಾಹಿತಿ ಹೊರಗೆ ತಗೊಂಡೋಗಿದೀಯ ಅಂತ ಮೇಲಿನವರು ಹೇಳ್ತಿದಾರೆ. ನಿಜಾನಾ ಆರ್ಫಾ?"

"ನಿಜ."

"ಯಾಕೇ ಒಪ್ಕೋತೀಯ! ಇಲ್ಲ ಅನ್ನಬಾರದಾ?" ಜಾನೆಲ್ ಕಣ್ಣಲ್ಲಿ ನೀರು. "ನನ್ ಕೈಲೇನೂ ಇಲ್ಲ ಕಣೇ."

"ನಿನ್ ಕೈಲೇನೂ ಇಲ್ಲ, ನನ್ ಕೈಮೇಲೇ ಇತ್ತು. ಕೊಡು ಆ ಪೆಟ್ಗೆ."

ಅವಳು ಒಂದು ಸ್ವೆಟರು, ಕಾಫಿ ಲೋಟ, ಡೆನ್ವರ್‌ನ ಫೋಟೋ ಪೆಟ್ಟಿಗೆಗೆ ಹಾಕಿದಳು. ನನ್ನ ಕಿವಿಯಲ್ಲಿ ನ್ಯೂಜೆರ್ಸಿಯ ಯಾರೋ ಹೆಂಗಸು ಕೂಗಾಡುತ್ತಿದ್ದಳು. ಎದ್ದು ನಿಲ್ಲಲಿಲ್ಲ ನಾನು. ಹಸಿರು ಗುರುತು ಹೋದರೆ ಕೇಳುತ್ತಾರೆ.

ಗ್ರೇಡನ್ ಸಿಟ್ಟಾದ. ದಾವೆ ಹೂಡಿದವಳನ್ನು ಕೆಲಸದಿಂದ ತೆಗೆದರೆ ಅದೇ ಇನ್ನೊಂದು ದಾವೆಯಾಗುತ್ತದೆ ಅಂದ. ಆದರೆ ಸ್ವಲ್ಪ ಹೊತ್ತಿಗೆ ಅವನೇ ಹಣೆ ಒತ್ತಿಕೊಂಡ. "ಅವರು ಕಾರಣ ಹುಡುಕ್ತಿದ್ರು, ನಿಜ. ಆದ್ರೆ ನೀವೇ ತಟ್ಟೇಲಿಟ್ಟು ಕೊಟ್ರಲ್ಲ ಮೇಡಂ."

ದೊಡ್ಡ ದಾವೆ ಮುರಿದದ್ದು ಆ ವರ್ಷದ ಕೊನೆಗೆ. ಹಿಂದೊಮ್ಮೆ, ದಾವೆಗೂ ಎಷ್ಟೋ ಮೊದಲು, ಬೆಳಿಗ್ಗೆ ಕಂಪ್ಯೂಟರು ತೆರೆಯುವಾಗ ಪರದೆಯ ಮೇಲೆ ಉದ್ದದ ಬರಹ ಬಂದಿತ್ತು. ಕೆಳಗೆ, "ನಾನು ಒಪ್ಪಿದ್ದೇನೆ." ಅದನ್ನು ಒತ್ತದಿದ್ದರೆ ಮುಂದಿನ ಪ್ರೋಗ್ರಾಂ ತೆರೆಯುವುದಿಲ್ಲ. ಎಲ್ಲರೂ ಒತ್ತಿದ್ದೆವು. ಯಾರೂ ಓದಿರಲಿಲ್ಲ. ಕಂಪನಿಯ ಮೇಲೆ ಯಾರೂ ಒಟ್ಟಾಗಿ ಕೋರ್ಟಿಗೆ ಹೋಗುವುದಿಲ್ಲ, ಒಬ್ಬೊಬ್ಬರಾಗಿ, ಕೋರ್ಟಿನ ಹೊರಗೆ ತೀರ್ಪು ಕೊಡುವ ಮಧ್ಯಸ್ಥಗಾರನ ಮುಂದೆ ಹೋಗುತ್ತೇವೆ ಅಂತ ಅದರಲ್ಲಿತ್ತು. ಜಡ್ಜು ಅದನ್ನು ಎತ್ತಿಹಿಡಿದರು.

ಗ್ರೇಡನ್ ಆರ್ಫಾಳ ಅಡುಗೆಮನೆಯಲ್ಲಿ ಆ ಒಪ್ಪಿಗೆಯ ಮುದ್ರಿತ ಪ್ರತಿ ಬಿಚ್ಚಿಟ್ಟ. ನಾನೂ ಅಲ್ಲಿದ್ದೆ. ಅವಳು ಒತ್ತಿದ ದಿನ, ಗಂಟೆ, ನಿಮಿಷ ಎಲ್ಲ ಅದರಲ್ಲಿತ್ತು.

"ಏಳೂ ನಲವತ್ತೆಂಟು" ಅಂತ ಓದಿದಳು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದಳು. "ಗ್ರೇಡನ್, ಆ ಹೊತ್ತಲ್ಲಿ ನಾನು ಕೆಲಸದಲ್ಲೇ ಇರ್ಲಿಲ್ಲ ಅಂತ ತಾನೇ ಅವರ ವಾದ? ಕೆಲಸದಲ್ಲಿ ಇಲ್ದೋಳು ಹೇಗೆ ಒಪ್ಕೊಂಡ್ಲು?"

"ಅದನ್ನೇ ಹೇಳ್ದೆ. ಜಡ್ಜು ನಕ್ಕರು. ಆಮೇಲೆ ಅವರ ಪರವಾಗೇ ಬರೆದ್ರು."

ಇನ್ನೂರ ಹನ್ನೆರಡು ಜನರಲ್ಲಿ ಒಬ್ಬೊಬ್ಬರಾಗಿ ಹೋಗಲು ಮುಂದೆ ಬಂದವರು ಒಂಬತ್ತು. ಉಳಿದವರಿಗೆ ಬೇಸರ ಬಂದಿತ್ತು, ಕೆಲವರು ಊರು ಬಿಟ್ಟಿದ್ದರು. ಆರ್ಫಾಳ ಸರದಿ ಪೈಕ್‌ವಿಲ್ಲಿನ ಹೋಟೆಲೊಂದರ ಮೀಟಿಂಗ್ ರೂಮಿನಲ್ಲಿ, ಮಧ್ಯಸ್ಥಗಾರನ ಮುಂದೆ. ನಾನು ಹುಷಾರಿಲ್ಲ ಅಂತ ರಜೆ ಹಾಕಿ ಕಾರಿನಲ್ಲಿ ಕರೆದೊಯ್ದೆ. ಒಳಗೆ ಬಿಡಲಿಲ್ಲ. ಹೊರಗೆ ಕೂತು ಯಾರದೋ ಮದುವೆಗೆ ಹೂವು ಕಟ್ಟುವುದನ್ನು ನೋಡುತ್ತಿದ್ದೆ.

ಕಂಪನಿಯ ವಕೀಲೆ ಅವಳಿಗೆ ಕ್ಯಾಲೆಂಡರು ತೋರಿಸಿ, ಇದನ್ನು ಬರೆದವರು ಯಾರು ಅಂತ ಕೇಳಿದಳಂತೆ. ನಾನೇ. ಬೇರೆ ಯಾರಾದರೂ ನೋಡಿದ್ದಾರೆಯೇ? ಇಲ್ಲ. ಗಿರಾಕಿಯ ಗುಟ್ಟಿನ ಸಂಖ್ಯೆಯನ್ನು ತೋಳಿನ ಮೇಲೆ ಬರೆದುಕೊಂಡದ್ದೂ ನೀವೇ ತಾನೆ? ಹೌದು. ಅದು ತಪ್ಪು ಅಂತ ನಿಮಗೆ ಗೊತ್ತಿತ್ತು? ಗೊತ್ತಿತ್ತು. ಹಾಗಾದರೆ ನಿಮ್ಮ ಮಾತನ್ನು, ನಿಮ್ಮ ಕೈಬರಹವನ್ನು ಯಾಕೆ ನಂಬಬೇಕು? ಊಟದ ಹೊತ್ತಿಗೆ ಕಂಪನಿಯವರು ರಾಜಿಗೆ ಕರೆದರು. ಗ್ರೇಡನ್, ಬೇಡ ಅಂದರೆ ಏನೂ ಸಿಗದೆ ಹೋಗಬಹುದು ಅಂದ. ಅವಳಿಗೆ ಆಗ ಇನ್ಶೂರೆನ್ಸು ಇರಲಿಲ್ಲ, ಸಕ್ಕರೆ ಏರಿ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಸಹಿ ಹಾಕಿದಳು.

ವಾಪಸು ಬರುವಾಗ ಕೇಳಿದೆ: "ಎಷ್ಟಕ್ಕೆ ಮುಗೀತು?"

"ಹೇಳೋ ಹಾಗಿಲ್ಲ."

"ನಂಗೂನಾ?"

"ನಿಂಗೂ. ಕೆಲ್ಸದ್ದು, ತೆಗೆದಿದ್ದು, ಗಿರಾಕೀದು, ಯಾವ್ದೂ ಯಾರ ಹತ್ರಾನೂ ಆಡೋ ಹಾಗಿಲ್ಲ. ಆಡಿದ್ರೆ ಕೊಟ್ಟಿದ್ದು ವಾಪಸ್. ಇವತ್ತು ಒಳಗೆ ಆಗಿದ್ದು ಇಷ್ಟು ಹೇಳಿದೀನಲ್ಲ, ಇದೇ ತಪ್ಪು. ಬಾಯಿ ಕೊಟ್ಟು ಬಂದೆ ಕಣೇ ಡ್ರೀಮಾ."



ಕಳುವಾದ ಮಾಹಿತಿಯ ಮೇಲೂ ಒಂದು ಸಾಮೂಹಿಕ ದಾವೆ ನಡೆದಿತ್ತು, ಷಿಕಾಗೋದ ದೊಡ್ಡ ವಕೀಲರದು. ಅದು ಗೆದ್ದಿತು, ಅಥವಾ ಗೆದ್ದಿತು ಅಂತ ಪೇಪರಿನವರು ಬರೆದರು. ಮಿಸ್ಟರ್ ಎಸ್ಟಿಲ್‌ಗೆ ಒಂದು ದಪ್ಪ ಲಕೋಟೆ ಬಂತು. ಎರಡು ವರ್ಷ ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ತೆಗೆದರೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ತಿಳಿಸುತ್ತೇವೆ ಅಂತ ಅದರಲ್ಲಿತ್ತು. ಅವರ ಕಣಿವೆಗೆ ಇಂಟರ್‌ನೆಟ್ಟು ಬಂದಿರಲಿಲ್ಲ. ನಷ್ಟವಾದವರು ಫಾರಂ ತುಂಬಿ ಪರಿಹಾರ ಕೇಳಬಹುದು ಅಂತಲೂ ಇತ್ತು. ಆರ್ಫಾ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಎರಡು ದಿನ ಫಾರಂ ತುಂಬಿದಳು. ಆರು ವಾರದ ಮೇಲೆ ಉತ್ತರ ಬಂತು: ಹಣ ನೀವಾಗಿಯೇ ಕೊಟ್ಟಂತೆ ಕಾಣುತ್ತದೆ, ಈ ಕಳುವಿನಿಂದಲೇ ನಷ್ಟವಾಯಿತು ಅನ್ನುವುದಕ್ಕೆ ದಾಖಲೆ ಲಗತ್ತಿಸಿ.

ದಾಖಲೆ ಅಂದರೆ ಆ ಕೆಂಪು ಸಂಖ್ಯೆ. ಅದು ಅವರ ಖಾತೆಯಲ್ಲಿದ್ದದ್ದನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳಬಲ್ಲವಳು ಆರ್ಫಾ ಒಬ್ಬಳೇ, ಅವಳು ಬಾಯಿಬಿಡುವಂತಿಲ್ಲ. ಅವಳು ಗ್ರೇಡನ್‌ಗೆ ಫೋನು ಮಾಡಿದಳು. "ಕೋರ್ಟಿಂದ ಸಮನ್ಸ್ ಬಂದ್ರೆ ಹೇಳ್ಬಹುದು ಮೇಡಂ. ಒಂದು ಫಾರಂಗೆ ಯಾರೂ ಸಮನ್ಸ್ ಕಳಿಸಲ್ಲ" ಅಂದ.

ಲಕೋಟೆಯ ಮೇಲಿದ್ದ ಪುಕ್ಕಟೆ ನಂಬರಿಗೆ ಕರೆ ಮಾಡಿದಳು. ನಾನು ಎದುರಿಗೇ ಇದ್ದೆ, ಫೋನಿನ ಸ್ಪೀಕರು ಹಾಕಿತ್ತು. ಎಲ್ಲೋ ದೂರದ ಒಂದು ಹೆಣ್ಣುದನಿ. "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ನಿಮ್ಮ ಅರ್ಜಿಯನ್ನು ನಿಯಮದಂತೆ ಪರಿಶೀಲಿಸಲಾಗಿದೆ" ಅಂತ ಓದಿತು. ಆರ್ಫಾ ಇನ್ನೊಂದು ತರಹ ಕೇಳಿದಳು. ಅದೇ ಉತ್ತರ. ಮೂರನೇ ತರಹ ಕೇಳಿದಳು. ಆ ಹೆಂಗಸು ಉಸಿರೆಳೆದುಕೊಂಡು ಮತ್ತೆ ಮೊದಲಿಂದ ಓದಲು ಶುರುಮಾಡಿದಳು.

"ಇರ್ಲಿ ಬಿಡಮ್ಮ, ಓದ್ಬೇಡ. ನಂಗ್ ಗೊತ್ತು ಕೆಳಗೇನಿದೆ ಅಂತ" ಅಂದಳು ಆರ್ಫಾ. "ಒಂದು ಕೇಳ್ತೀನಿ. ಕಂಪ್ಯೂಟರ್ ತೆರೆಯೋ ಹೊತ್ತಿಗೆ ನಿಮಗೆ ಸಂಬಳ ಕೊಡ್ತಾರಾ?"

ಆಚೆ ಕಡೆ ಗದ್ದಲ, ನೂರು ಜನ ಒಟ್ಟಿಗೆ ಮಾತಾಡುವ ಸದ್ದು. "ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ ಮೇಡಂ" ಅಂದಳು ಆ ಹುಡುಗಿ. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲ."

ಎರಡು ಚಳಿಗಾಲ ಕಳೆದು ಮಿಸ್ಟರ್ ಎಸ್ಟಿಲ್ ತೀರಿಕೊಂಡರು. ಅಷ್ಟರೊಳಗೆ ಕಂಪನಿ ನಮ್ಮ ಕೇಂದ್ರವನ್ನೂ ಮುಚ್ಚಿ ಇನ್ನೆಲ್ಲಿಗೋ ಹೋಗಿತ್ತು. ನನಗೂ ಕೆಲಸ ಹೋಗಿತ್ತು, ಜಾನೆಲ್‌ಗೂ. ಆರ್ಫಾ ಮುದುಕರ ಆರೈಕೆಮನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದಳು. ಮಣ್ಣಿನ ಖರ್ಚಿಗೆ ಚರ್ಚಿನಲ್ಲಿ ಎಲ್ಲರ ಮುಂದೆ ಟೋಪಿ ಹಿಡಿದು ಒಂದಿಷ್ಟು ಕೂಡಿಸಿದೆವು. ಮಿಕ್ಕದ್ದನ್ನು ಅವರ ಮಗಳು ಲರ್ಲೀನ್ ಓಹಾಯೋದಿಂದ ಸಾಲ ತೆಗೆದು ತಂದಳು.

ಸ್ಮಶಾನದಿಂದ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದೆವು. ಆರ್ಫಾ ಒಂದು ಪಾತ್ರೆ ತುಂಬ ಹುರುಳಿಕಾಯಿ ಪಲ್ಯ ತಂದಿದ್ದಳು, ಬಡಿಸುತ್ತಿದ್ದಳು. ಲರ್ಲೀನ್ ಅವಳೆದುರಿಗೆ ಬಂದು ನಿಂತಳು. ಕೈಯಲ್ಲಿ ಒಂದು ಕಾಗದ.

"ಆರ್ಫಾ ಸ್ಟಿಡಮ್ ಅಂದ್ರೆ ನೀನೇನಾ?"

"ಹೌದಮ್ಮ."

"ಅಪ್ಪನ ಡ್ರಾಯರ್‌ನಲ್ಲಿ ಸಿಕ್ತು. ಕಂಪನಿ ಕಳಿಸಿದ್ದು. 'ನಮ್ಮ ಸಿಬ್ಬಂದಿಯೊಬ್ಬರು ನಿಮ್ಮ ಗೋಪ್ಯ ಮಾಹಿತಿಯನ್ನು ಅಕ್ರಮವಾಗಿ ಬರೆದುಕೊಂಡು ಹೊರಗೆ ಒಯ್ದಿದ್ದಾರೆ. ಅವರನ್ನು ಕೆಲಸದಿಂದ ವಜಾ ಮಾಡಲಾಗಿದೆ.' ಊರಲ್ಲಿ ವಿಚಾರಿಸ್ದೆ. ವಜಾ ಆಗಿದ್ದು ನೀನಂತೆ. ನಮ್ಮಪ್ಪನ ಮಣ್ಣಿನ ದುಡ್ಡು ತಿಂದು, ನಮ್ಮಪ್ಪನ ಮಣ್ಣಿಗೇ ಪಲ್ಯ ತಂದಿದೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?"

ಆರ್ಫಾ ಬಾಯಿ ತೆರೆದಳು, ಮುಚ್ಚಿದಳು. ಬಡಿಸುವ ಚಮಚ ಪಾತ್ರೆಯೊಳಗೆ ನಿಧಾನವಾಗಿ ಇಟ್ಟಳು. ಅವಳು ಹೇಳಬಹುದಾದ ಒಂದೊಂದು ಮಾತಿಗೂ ಬೆಲೆ ಕಟ್ಟಿ ಕಂಪನಿಯವರು ಆಗಲೇ ಕೊಂಡಿದ್ದರು.

ನಾನು ಎದ್ದೆ. ನಾನು ಎದ್ದು ನಿಂತದ್ದು ಅದೊಂದೇ ಸಲ.

"ಲರ್ಲೀನ್, ಅದು ಹಾಗಲ್ಲ. ಅವಳು ನಿಮ್ಮಪ್ಪನಿಗೆ ಸಹಾಯ ಮಾಡಕ್ಕೆ ಹೋಗಿದ್ದು. ಪಕ್ಕದಲ್ಲೇ ಕೂತಿದ್ದೆ ನಾನು, ಕಣ್ಣಾರೆ ನೋಡಿದೀನಿ, ಅವಳು ನಂಬರ್ ಬರ್ಕೊಂಡಿದ್ದು..."

"ನೋಡಿದ್ಯಾ? ನೋಡಿದ್ರೆ ಆವಾಗ ಯಾಕೆ ಯಾರಿಗೂ ಹೇಳ್ಲಿಲ್ಲ?"

ನಾನು ಆರ್ಫಾಳ ಕಡೆ ತಿರುಗಿದೆ.

"ನೀನೂ ಅಲ್ಲೇ ಕೆಲ್ಸ ಮಾಡ್ತಿದ್ದೋಳು ಅಲ್ವಾ" ಅಂದಳು ಲರ್ಲೀನ್. ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡು ಹೋದಳು. ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳ ಕೈಯಲ್ಲಿದ್ದದ್ದು ಕಂಪನಿಯ ಮೊಹರು ಇದ್ದ ಕಾಗದ.

ಪಾದ್ರಿ ಬಂದು ಆರ್ಫಾಳ ಹೆಗಲ ಮೇಲೆ ಕೈಯಿಟ್ಟರು. ಕೆಲವರು ಅವಳ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದ್ದನ್ನು ನೋಡಿದೆ. ಅವಳು ಅಡುಗೆಯ ಕಡೆಗೆ ಹೋಗಿ ತೋಳು ಮೇಲೆ ಮಡಚಿಕೊಂಡು ಪಾತ್ರೆ ತೊಳೆಯಲು ನಿಂತಳು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ.

"ಆರ್ಫಾ, ಆವತ್ತು ನಾನು ಆ ಹಾಳೆಗೆ ಸಹಿ..."

"ಆ ದೊಡ್ಡ ಪಾತ್ರೆ ಚರ್ಚಿಂದು, ಮೇಲಿನ ಶೆಲ್ಫಿಗೆ ಹೋಗ್ಬೇಕು" ಅಂದಳು. "ನಿನ್ ಕೈಗೆ ಎಟುಕತ್ತಾ ನೋಡು."

ಎಟುಕಲಿಲ್ಲ. ಸ್ಟೂಲು ತಂದು ಹತ್ತಿ ಇಟ್ಟೆ.